ಸರಿಮಾಡಿ ಕಳಿಸಮ್ಮ

ನಮ್ಮ ಅತ್ತಿಗೆ ಒಂದು ಪದದ ಮೆಸೇಜನ್ನೂ ಮೂರು ಸಲ ಓದದೆ ಕಳಿಸಿದವರಲ್ಲ. ‘ಹೊರಟೆ’ ಎಂದು ಕಳಿಸುವುದಕ್ಕೂ ಕನ್ನಡಕ ಹುಡುಕುತ್ತಾರೆ. ಎಷ್ಟೋ ಸಲ ಅವರೇ ಬಂದು ಚಪ್ಪಲಿ ಬಿಟ್ಟು ಕೈಕಾಲು ತೊಳೆದಾದ ಮೇಲೆ ನನ್ನ ಫೋನು ಟಿಣ್ ಎನ್ನುತ್ತದೆ, ಅತ್ತಿಗೆ ಹೊರಟಿದ್ದಾರೆ ಎಂದು. ಅಣ್ಣ ಇದನ್ನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ನಾನೂ ನಗುತ್ತಿದ್ದೆ.

ನನ್ನದು ಪೂರಾ ಉಲ್ಟಾ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿರುವವಳು ನಾನು. ಎರಡು ಕೈಯೂ ಬಟ್ಟೆಯ ಮೇಲಿರುವುದರಿಂದ ಫೋನಿಗೆ ಬಾಯಲ್ಲೇ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ, ನಾನು ನೋಡದೆ ಒತ್ತುತ್ತೇನೆ. ಒಮ್ಮೆ ಒಬ್ಬ ಗಿರಾಕಿಗೆ ‘ನಿಮ್ಮ ಪ್ಯಾಂಟು ತಯಾರಿದೆ, ಸೊಂಟ ನೀವು ಹೇಳಿದಷ್ಟೇ ಇಟ್ಟಿದ್ದೇನೆ’ ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಅಣ್ಣ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದ. ಫೋನು ಕೇಳಿಸಿಕೊಳ್ಳುತ್ತಿದೆ ಎನ್ನುವುದು ಮರೆತು, “ಇನ್ನೂ ಎಷ್ಟು ತಿಂತೀಯ? ಹೊಟ್ಟೆ ನೋಡ್ಕೊಂಡಿದ್ದೀಯಾ? ನಾಳೆ ಬಾಗಿಲಲ್ಲೂ ಹಿಡಿಸಲ್ಲ,” ಎಂದುಬಿಟ್ಟೆ. ಅದಷ್ಟೂ ಅದೇ ಮೆಸೇಜಿನ ಬಾಲವಾಗಿ ಗಿರಾಕಿಗೆ ಹೋಯಿತು. ಆ ಮನುಷ್ಯ ಪ್ಯಾಂಟು ತೆಗೆದುಕೊಂಡು ಹೋಗಲು ಹೆಂಡತಿಯನ್ನು ಕಳಿಸಿದ. ಆಮೇಲೆ ನಮ್ಮ ಬೀದಿಗೇ ಬರಲಿಲ್ಲ.

“ಯಂತ್ರ ತಪ್ಪು ಬರೆದಿಲ್ವಲ್ಲೇ,” ಎಂದರು ಅತ್ತಿಗೆ, ಅದನ್ನು ಕನ್ನಡಕ ಹಾಕಿಕೊಂಡು ಓದಿ. “ನೀನು ಹೇಳಿದ್ದನ್ನೇ ಬರೆದಿದೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟೋ ಜಾತಿ ಅದು. ಕಳಿಸೋ ಮುಂಚೆ ಓದಬೇಕಾದವಳು ನೀನು.”

ಈಗ ನನ್ನ ಗಿರಾಕಿಗಳ ಮೆಸೇಜುಗಳನ್ನು ಓದಿ ತಿದ್ದಿ ಕಳಿಸುವುದು ಅತ್ತಿಗೆಯೇ. ನನ್ನ ಎದುರಿನ ಸ್ಟೂಲಿನಲ್ಲಿ ಕೂತು ಗುಂಡಿಯನ್ನೂ ಹಾಕಿಕೊಡುತ್ತಾರೆ. ಒಂದು ವರ್ಷದ ಹಿಂದಿನವರೆಗೆ ಅವರು ತಿದ್ದುತ್ತಿದ್ದದ್ದು ಪ್ಯಾಂಟಿನ ಸೊಂಟವನ್ನಲ್ಲ.

ಅತ್ತಿಗೆ ಇಪ್ಪತ್ತೆರಡು ವರ್ಷ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಟೈಪಿಸ್ಟ್ ಆಗಿದ್ದರು. ಅಲ್ಲಿ ಸ್ಕ್ಯಾನ್ ಫಿಲ್ಮುಗಳನ್ನು ನೋಡುವ ಡಾಕ್ಟರುಗಳಲ್ಲಿ ಹಿರಿಯರೊಬ್ಬರಿದ್ದರು. ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಕೂತು, ರೋಗಿಯ ಹೊಟ್ಟೆಯೊಳಗೆ ಎದೆಯೊಳಗೆ ಏನು ಕಾಣುತ್ತದೋ ಅದನ್ನು ಬಾಯಲ್ಲಿ ಹೇಳುವುದು ಅವರ ಕೆಲಸ, ಅದನ್ನು ಬರೆಯುವುದು ಅತ್ತಿಗೆಯ ಕೆಲಸ. ಮೊದಲು ಕ್ಯಾಸೆಟ್ಟು ಇತ್ತು. ಅತ್ತಿಗೆ ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಲ್ಲಿ ಪೆಡಲ್ ತುಳಿದು ನಿಲ್ಲಿಸುತ್ತ ಓಡಿಸುತ್ತ ಟೈಪು ಮಾಡುತ್ತಿದ್ದರು. “ನೀನು ತುಳಿಯೋದು ಹೊಲಿಗೆಗೆ, ನಾನು ತುಳಿಯೋದು ಮಾತಿಗೆ,” ಎನ್ನುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಆಮೇಲೆ ಫೋನಿನ ಆ್ಯಪ್ ಬಂತು. ಡಾಕ್ಟರು ಫೋನಿಗೆ ಹೇಳಿದರೆ ಸಾಕು, ತಾನೇ ಅಕ್ಷರವಾಗುತ್ತದೆ. ಟೈಪಿಸ್ಟುಗಳು ನಾಲ್ವರಿದ್ದವರು ಇಬ್ಬರಾದರು. ಉಳಿದ ಇಬ್ಬರಿಗೆ ಟೈಪು ಮಾಡುವ ಕೆಲಸ ಹೋಗಿ ತಿದ್ದುವ ಕೆಲಸ ಉಳಿಯಿತು.

ಕೂರುವ ಜಾಗ ಮಾತ್ರ ಬದಲಾಗಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆ, ಕಿಟಕಿಯಿಲ್ಲ. ಎದ್ದು ನಿಂತರೆ ಓರೆಯಾದ ಸೂರಿಗೆ ತಲೆ ತಗಲುತ್ತದೆ. ಮೂಲೆಯಲ್ಲಿ ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ಟು, ಮೇಲೆ ಓಡಾಡುವವರ ಚಪ್ಪಲಿಯ ಸದ್ದು. ನಾನು ಒಮ್ಮೆ ಊಟದ ಡಬ್ಬಿ ಕೊಡಲು ಹೋದವಳು ಐದು ನಿಮಿಷ ಕೂತು ಎದ್ದುಬಂದೆ, ಉಸಿರು ಕಟ್ಟಿದ ಹಾಗಾಗಿತ್ತು. ಅತ್ತಿಗೆ ಅದರಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದರು.

ಕೆಲಸದ ರೀತಿ ಹೀಗೆ. ಡಾಕ್ಟರು ಹೇಳಿದ್ದು ಕರಡಾಗಿ ಅತ್ತಿಗೆಯ ಫೋನಿಗೆ ಬರುತ್ತದೆ. ಜೊತೆಗೆ ಅವರ ದನಿಯೂ ಇರುತ್ತದೆ, ಒತ್ತಿದರೆ ಕೇಳಬಹುದು. ಅತ್ತಿಗೆ ದನಿ ಕೇಳುತ್ತ, ರೋಗಿಯ ಚೀಟಿಯನ್ನೂ ಹಳೆಯ ವರದಿಯನ್ನೂ ಪಕ್ಕದಲ್ಲಿಟ್ಟುಕೊಂಡು ಕರಡನ್ನು ಓದಬೇಕು. ಯಂತ್ರದ ತಪ್ಪಿದ್ದರೆ ತಿದ್ದಬೇಕು. ಡಾಕ್ಟರ ಮಾತಿನಲ್ಲೇ ಸಂಶಯ ಬಂದರೆ ಮುಟ್ಟುವ ಹಾಗಿಲ್ಲ, ಹಳದಿ ಗುರುತು ಹಾಕಿ ಅವರಿಗೇ ವಾಪಸು ಕಳಿಸಬೇಕು. ಎಲ್ಲ ಸರಿಯಿದ್ದರೆ ಹಸಿರು ಗುಂಡಿ. ಹಸಿರು ಒತ್ತಿದ ಮೇಲೆ ಅದು ಕರಡಲ್ಲ, ಡಾಕ್ಟರ ಸಹಿ ಬಿದ್ದ ವರದಿ.

ದೊಡ್ಡ ಡಾಕ್ಟರ ಎಲ್ಲ ಕರಡಿನ ಮೊದಲ ಪದವೂ ಒಂದೇ: ‘ಬರ್ಕೊಳ್ಳಮ್ಮ.’ ಇಪ್ಪತ್ತೆರಡು ವರ್ಷ ಹಾಗೆ ಶುರುಮಾಡಿ ಅಭ್ಯಾಸವಾದ ಡಾಕ್ಟರು ಫೋನಿಗೂ ಹಾಗೇ ಹೇಳುತ್ತಿದ್ದರು. ಫೋನು ಅದನ್ನೂ ಬರೆಯುತ್ತಿತ್ತು. ದಿನಕ್ಕೆ ಐವತ್ತು ವರದಿ ಇದ್ದರೆ ಐವತ್ತು ‘ಬರ್ಕೊಳ್ಳಮ್ಮ’ ಅಳಿಸುವುದು ಅತ್ತಿಗೆಯ ಮೊದಲ ಕೆಲಸ. ಅದಕ್ಕೆ ಅವರಿಗೆ ಬೇಸರವಿರಲಿಲ್ಲ. “ಇಡೀ ಸೆಂಟರಿನಲ್ಲಿ ಆ ಯಂತ್ರದ ಹಿಂದೆ ಒಂದು ಮನುಷ್ಯ ಜೀವ ಇದೆ ಅಂತ ನೆನಪಿರೋದು ಅವರೊಬ್ಬರಿಗೇ,” ಎನ್ನುತ್ತಿದ್ದರು.

ಆ ಡಾಕ್ಟರ ಋಣ ನಮ್ಮ ಮನೆಯ ಮೇಲೂ ಇತ್ತು. ಹನ್ನೊಂದು ವರ್ಷದ ಹಿಂದೆ, ರಜೆಯ ದಿನ, ಅಣ್ಣ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದ. ಬೇರೆ ಕಡೆ ಗ್ಯಾಸು ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಅತ್ತಿಗೆ ಫೋನು ಮಾಡಿದ್ದಕ್ಕೆ ದೊಡ್ಡ ಡಾಕ್ಟರು ಮನೆಯ ಬಟ್ಟೆಯಲ್ಲೇ ಬಂದು, ಬೀಗ ತೆಗೆಸಿ, ಸ್ಕ್ಯಾನ್ ಮಾಡಿಸಿ ನೋಡಿದರು. “ಕರುಳು ತೂತಾಗಿದೆ. ಸಂಜೆವರೆಗೆ ಕಾದರೆ ಉಳಿಯಲ್ಲ,” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಣ್ಣ ಇವತ್ತು ಶಾಲೆಯ ವ್ಯಾನ್ ಓಡಿಸಿಕೊಂಡು, ಬಿಸ್ಕತ್ತು ತಿಂದುಕೊಂಡು, ನನ್ನ ಕೈಲಿ ಬೈಸಿಕೊಂಡಿದ್ದರೆ ಅದು ಅವರ ಕಣ್ಣಿನ ಪುಣ್ಯ.

ಮೊದಲ ತಪ್ಪು ಬಂದಾಗ ಅತ್ತಿಗೆಗೆ ನಗು ಬಂತಂತೆ. ಒಬ್ಬ ಹೆಂಗಸಿನ ವರದಿಯಲ್ಲಿ ‘ಪಿತ್ತಕೋಶ ಸಹಜವಾಗಿದೆ’ ಎಂದಿತ್ತು. ಚೀಟಿ ನೋಡಿದರೆ ಆಕೆಯ ಪಿತ್ತಕೋಶವನ್ನು ಆರು ವರ್ಷದ ಹಿಂದೆಯೇ ಆಪರೇಷನ್ ಮಾಡಿ ತೆಗೆದಿದ್ದರು. ದನಿ ಹಾಕಿ ಕೇಳಿದರು. ಯಂತ್ರದ ತಪ್ಪಲ್ಲ, ಡಾಕ್ಟರೇ ಹಾಗೆ ಹೇಳಿದ್ದರು. ಬಾಯಿಪಾಠದಲ್ಲಿ ಬಂದಿರಬೇಕು ಎಂದುಕೊಂಡು ಹಳದಿ ಗುರುತು ಹಾಕಿ ಕಳಿಸಿದರು.

ಡಾಕ್ಟರು ಕತ್ತಲೆ ಕೋಣೆಯಿಂದ ತಲೆ ಹೊರಗೆ ಹಾಕಿ, “ಇದನ್ನೂ ನನ್ನ ಕೇಳಬೇಕಾ? ನಿನಗೆ ಗೊತ್ತಿಲ್ವಾ? ಸರಿಮಾಡಿ ಕಳಿಸಮ್ಮ,” ಎಂದರು.

ಅತ್ತಿಗೆ ಸರಿಮಾಡಿ ಕಳಿಸಿದರು. ಅಲ್ಲಿಂದ ಶುರುವಾಯಿತು.

ತಿಂಗಳಿಗೆ ಎರಡಿದ್ದದ್ದು ವಾರಕ್ಕೆ ಎರಡಾಯಿತು, ಆಮೇಲೆ ದಿನಕ್ಕೊಂದಾಯಿತು. ನೋವು ಎಡಗಡೆ ಎಂದು ಚೀಟಿಯಲ್ಲಿದ್ದರೆ ವರದಿಯಲ್ಲಿ ಬಲಗಡೆ. ಮೂವತ್ತು ವರ್ಷದವನ ವಯಸ್ಸು ಎಪ್ಪತ್ತು. ಒಮ್ಮೆ ಒಬ್ಬ ಗಂಡಸಿಗೆ ಗರ್ಭಕೋಶ. ಅದು ಬಂದ ದಿನ ಅತ್ತಿಗೆಗೆ ನಗು ಬರಲಿಲ್ಲ, ಬಕೆಟ್ಟಿನ ಪಕ್ಕ ಕೂತು ಅತ್ತರು. ಹಳದಿ ಗುರುತು ಹಾಕಿದಾಗಲೆಲ್ಲ ಅದೇ ಉತ್ತರ, ಸರಿಮಾಡಿ ಕಳಿಸಮ್ಮ. ಕೊನೆಗೆ ಗುರುತು ಹಾಕುವುದನ್ನೇ ಬಿಟ್ಟರು. ಚೀಟಿ ನೋಡಿ, ಹಳೆಯ ವರದಿ ನೋಡಿ, ತಾವೇ ಸರಿಮಾಡಿ ಹಸಿರು ಒತ್ತತೊಡಗಿದರು. ಸರಿಮಾಡಿದ್ದನ್ನೆಲ್ಲ ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕೇಸಿನ ನಂಬರ್ ಹಾಕಿ ಬರೆದಿಟ್ಟರು. ಯಾಕೆ ಬರೆದಿಟ್ಟರೋ ಅವರಿಗೇ ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಲೆಕ್ಕವಿರಬೇಕು ಎನ್ನುವುದು ಅವರ ರಕ್ತದಲ್ಲಿತ್ತು.

ಇಲ್ಲೇ ನೋಡಿ, ಅತ್ತಿಗೆ ತಾವೇ ನೇಯ್ದ ಬಲೆಯಲ್ಲಿ ಸಿಕ್ಕಿಬಿದ್ದದ್ದು. ಅವರು ಎಷ್ಟು ಚೆನ್ನಾಗಿ ತಿದ್ದಿದರೋ ಡಾಕ್ಟರು ಅಷ್ಟು ಚೆನ್ನಾಗಿ ಕಂಡರು. ತಪ್ಪಿದೆ ಎಂದು ಹೊರಗಿನಿಂದ ವಾಪಸು ಬಂದ ವರದಿ ಎಷ್ಟು ಎಂದು ಮ್ಯಾನೇಜರು ಪ್ರತಿ ತಿಂಗಳೂ ಗೋಡೆಗೆ ಪಟ್ಟಿ ಅಂಟಿಸುತ್ತಿದ್ದ. ದೊಡ್ಡ ಡಾಕ್ಟರ ಸಾಲಿನಲ್ಲಿ ಸೊನ್ನೆ. “ಅರವತ್ತೇಳು ವರ್ಷ, ನೋಡಿ, ಗಡಿಯಾರ ಇದ್ದ ಹಾಗೆ!” ಎಂದು ಮ್ಯಾನೇಜರು ಎಲ್ಲರೆದುರು ಚಪ್ಪಾಳೆ ತಟ್ಟಿಸಿದ. ಆ ಸೊನ್ನೆಯನ್ನು ನಂಬಿ ಇನ್ನೊಂದು ಆಸ್ಪತ್ರೆಯ ಫಿಲ್ಮುಗಳನ್ನೂ ಅವರಿಗೇ ಹಾಕಿದ. ಐವತ್ತು ಎಂಬತ್ತಾಯಿತು. ಅತ್ತಿಗೆ ಚಪ್ಪಾಳೆ ತಟ್ಟುವವರ ಸಾಲಿನಲ್ಲಿ ನಿಂತು ತಾವೂ ತಟ್ಟಿದರಂತೆ. “ಮಡಿಲಲ್ಲಿ ಕೆಂಡ ಕಟ್ಕೊಂಡು ನಿಂತ ಹಾಗಿತ್ತು ಕಣೇ,” ಎಂದರು ನನಗೆ.

ನನಗೆ ಹೇಳಿದ್ದು ಹೀಗೆ. ಒಂದು ಭಾನುವಾರ ಮಧ್ಯಾಹ್ನ ನಾನು ಪರದೆಯ ಅಂಚು ಮಡಚುತ್ತಿದ್ದೆ. ಅತ್ತಿಗೆ ನನ್ನ ಅಳತೆ ಪುಸ್ತಕ ತೆಗೆದುಕೊಂಡು ಒಂದೊಂದೇ ಅಳತೆಯನ್ನು ಬಟ್ಟೆಯ ಮೇಲೆ ಟೇಪು ಹಿಡಿದು ನೋಡುತ್ತ ಹೋದರು. ಎಲ್ಲ ಹೊಲಿದು ಮುಗಿದ ಬಟ್ಟೆಗಳು. “ಏನಾಗಿದೆ ಅತ್ತಿಗೆ ನಿಮಗೆ?” ಎಂದೆ. ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ಎಲ್ಲವನ್ನೂ ಹೇಳಿದರು. ನೋಟ್‌ಬುಕ್ಕನ್ನು ನನ್ನ ಚಿಂದಿ ಬಟ್ಟೆಯ ಪೆಟ್ಟಿಗೆಯಲ್ಲೇ ಬಚ್ಚಿಟ್ಟಿದ್ದರು, ನನಗೆ ಗೊತ್ತೇ ಇರಲಿಲ್ಲ.

“ಚೀಟಿಗೂ ಮಾತಿಗೂ ಹೊಂದದೆ ಇದ್ದಾಗ ನನಗೆ ಗೊತ್ತಾಗುತ್ತೆ,” ಎಂದರು. “ಚೀಟಿಯಲ್ಲಿ ಇಲ್ಲದ್ದನ್ನ ತಪ್ಪು ಹೇಳಿದ್ರೆ? ನಾನೇನು ಫಿಲ್ಮು ಓದಬಲ್ಲೆನಾ? ಕಲ್ಲಿದೆ ಅಂದ್ರೆ ಕಲ್ಲು, ಇಲ್ಲ ಅಂದ್ರೆ ಇಲ್ಲ. ಅಂಥವು ಎಷ್ಟು ನನ್ನ ಕೈಯಿಂದ ದಾಟಿ ಹೋಗಿವೆಯೋ.”

“ಮ್ಯಾನೇಜರಿಗೆ ಹೇಳಿ.”

“ಹೇಳಿದ ದಿನವೇ ಅವರನ್ನ ಮನೆಗೆ ಕಳಿಸ್ತಾರೆ. ನಿಮ್ಮಣ್ಣನ ಜೀವ ಉಳಿಸಿದವರನ್ನ ನನ್ನ ಕೈಯಾರೆ ಹೊರಗೆ ದಬ್ಬಲಾ? ಆಮೇಲೆ ನನ್ನನ್ನೂ ಕೇಳ್ತಾರೆ, ಇಷ್ಟು ತಿಂಗಳು ಯಾಕೆ ಮುಚ್ಚಿಟ್ಟೆ ಅಂತ. ಹೇಳದೆ ಇದ್ರೆ ಯಾವ ತಾಯಿ ಮಕ್ಕಳ ಮನೆ ಹಾಳಾಗುತ್ತೋ. ಅತ್ತ ದರಿ, ಇತ್ತ ಪುಲಿ.”

ನಾನು ಏನು ಹೇಳಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. “ಸುಮ್ಮನಿರಿ ಅತ್ತಿಗೆ. ಇನ್ನೊಂದು ವರ್ಷಕ್ಕೆ ಅವರೇ ನಿವೃತ್ತಿ ಆಗ್ತಾರೆ. ಅಲ್ಲಿವರೆಗೆ ನೀವು ಕಣ್ಣಿಟ್ಟು ನೋಡ್ಕೊಳ್ಳಿ,” ಎಂದೆ. ಬಿಸಿ ತುಪ್ಪ ಅವರ ಬಾಯಲ್ಲಿತ್ತು, ನನಗೇನು? ಪರದೆಯ ಅಂಚು ಮಡಚುತ್ತಲೇ ಸಲಹೆ ಕೊಟ್ಟೆ. ಮುಂದೆ ಆ ವರದಿಗಳನ್ನೆಲ್ಲ ಬೇರೆ ಡಾಕ್ಟರುಗಳು ಮತ್ತೆ ಓದಿದಾಗ ಒಂಬತ್ತರಲ್ಲಿ ದೊಡ್ಡ ತಪ್ಪು ಸಿಕ್ಕಿತು. ಅದರಲ್ಲಿ ಇಬ್ಬರಿಗೆ ತಡವಾಗಿತ್ತು. ಆ ಎರಡು ವರದಿಗಳೂ ನನ್ನ ಸಲಹೆಯ ನಂತರದ ತಾರೀಖಿನವು. ಅತ್ತಿಗೆ ಅದನ್ನು ನನಗೆ ಎತ್ತಿ ಆಡಿಲ್ಲ. ತಾರೀಖು ನಾನೇ ನೋಡಿಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಅತ್ತಿಗೆ ಒಂದು ದಿನವೂ ರಜೆ ಹಾಕಲಿಲ್ಲ. ಜ್ವರದಲ್ಲೂ ಹೋದರು. ದೊಡ್ಡ ಡಾಕ್ಟರ ಕರಡನ್ನು ಇನ್ನೊಬ್ಬ ಟೈಪಿಸ್ಟಿನ ಕೈಗೆ ಸಿಗಲು ಬಿಡುತ್ತಿರಲಿಲ್ಲ. ಆಕೆ ಹಳದಿ ಗುರುತು ಹಾಕಿದರೆ ಗುಟ್ಟು ರಟ್ಟಾಗುತ್ತದೆ, ಹಾಕದಿದ್ದರೆ ತಪ್ಪು ಹೊರಗೆ ಹೋಗುತ್ತದೆ. ಅತ್ತಿಗೆ ತಮ್ಮ ಅಣ್ಣನ ಮಗಳ ಮದುವೆಗೂ ಹೋಗಲಿಲ್ಲ. “ನಿಮ್ಮ ಅತ್ತಿಗೆಗೆ ಸಂಬಳಕ್ಕಿಂತ ಕೆಲಸದ ಮೇಲೇ ಪ್ರೀತಿ,” ಎಂದು ತವರಿನವರು ನನ್ನ ಮುಂದೆ ಆಡಿಕೊಂಡರು. ಪ್ರೀತಿಯಂತೆ! ಹಗ್ಗ ಕಾಣದವರು ಕಟ್ಟಿದ ಹಸುವನ್ನು ನೋಡಿ ಎಷ್ಟು ಸಾಧು ಎಂದಂತೆ.

ಕೊನೆಗೆ ಅವರಿಗೆ ಅರ್ಧ ದಿನ ರಜೆ ಹಾಕಿಸಿದ್ದು ನಾನೇ. ಸೂಜಿಗೆ ದಾರ ಪೋಣಿಸಲು ಆಗದಷ್ಟು ನನ್ನ ಕಣ್ಣು ಮಂಜಾಗಿತ್ತು. ಕಣ್ಣಿಗೆ ಔಷಧಿ ಹಾಕಿದರೆ ವಾಪಸು ಕರೆದುಕೊಂಡು ಬರಲು ಒಬ್ಬರು ಬೇಕು ಎಂದಿದ್ದರು. ಅಣ್ಣನಿಗೆ ವ್ಯಾನು ಬಿಡುವ ಹಾಗಿರಲಿಲ್ಲ. ಒಂದು ಸೋಮವಾರ ಮಧ್ಯಾಹ್ನ ಅತ್ತಿಗೆ ನನ್ನ ಜೊತೆ ಬಂದರು. ದಾರಿಯುದ್ದಕ್ಕೂ ಫೋನಿನ ಕರಡುಗಳ ಸಂಖ್ಯೆ ನೋಡುತ್ತಿದ್ದರು. ಚೀಟಿಗಳು ಸೆಂಟರಿನಲ್ಲಿದ್ದದ್ದರಿಂದ ಇಲ್ಲಿಂದ ತಿದ್ದುವ ಹಾಗಿರಲಿಲ್ಲ.

ಹಸಿರು ಒತ್ತುವವರೆಗೆ ಕೇಸು ಡಾಕ್ಟರ ಪಟ್ಟಿಯಲ್ಲಿ ಬಾಕಿ ಎಂದೇ ಕಾಣುತ್ತದೆ. ಮಂಗಳವಾರ ಬೆಳಿಗ್ಗೆ ಡಾಕ್ಟರು ಅತ್ತಿಗೆಗಿಂತ ಮೊದಲೇ ಬಂದು, ಬಾಕಿ ಇದ್ದವುಗಳಲ್ಲಿ ಮೊದಲ ಏಳು ಕೇಸುಗಳನ್ನು ಹೊಸದೆಂಬಂತೆ ಮತ್ತೊಮ್ಮೆ ಹೇಳಿದ್ದರು. ನಿನ್ನೆ ಮಧ್ಯಾಹ್ನವಷ್ಟೇ ಅವೇ ಫಿಲ್ಮುಗಳನ್ನು ನೋಡಿದ್ದು ಅವರಿಗೆ ನೆನಪಿರಲಿಲ್ಲ. ಅತ್ತಿಗೆ ಫೋನು ತೆರೆದಾಗ ಆ ಒಂದೊಂದು ಕೇಸಿಗೂ ಎರಡೆರಡು ಕರಡು, ಎಲ್ಲದರ ತಲೆಯ ಮೇಲೂ ‘ಬರ್ಕೊಳ್ಳಮ್ಮ.’

ಆರು ಕೇಸುಗಳಲ್ಲಿ ನಿನ್ನೆಯ ಮಾತಿಗೂ ಇವತ್ತಿನ ಮಾತಿಗೂ ತಾಳೆಯಾಯಿತು. ಏಳನೆಯದು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹೆಂಗಸಿನದು, ನಲವತ್ತೊಂದು ವರ್ಷ, ಬೆನ್ನುನೋವು ಎಂದು ಚೀಟಿಯಲ್ಲಿತ್ತು. ಸೋಮವಾರದ ಕರಡಿನಲ್ಲಿ ಎಡ ಮೂತ್ರಪಿಂಡದಲ್ಲಿ ಎರಡು ಸೆಂಟಿಮೀಟರ್ ಗಡ್ಡೆ. ಮಂಗಳವಾರದ ಕರಡಿನಲ್ಲಿ ಎರಡೂ ಮೂತ್ರಪಿಂಡ ಸಹಜ, ಹೊಟ್ಟೆಯಲ್ಲಿ ಯಾವ ದೋಷವೂ ಇಲ್ಲ.

ಅತ್ತಿಗೆ ಎರಡೂ ದನಿ ಕೇಳಿದರು. ಎರಡರಲ್ಲೂ ಅದೇ ನಿಧಾನ, ಅದೇ ಭರವಸೆ. ಹೊಂದಿಸಿ ನೋಡಲು ಹಳೆಯ ವರದಿ ಇರಲಿಲ್ಲ. ಬೆನ್ನುನೋವು ಎನ್ನುವ ಚೀಟಿ ಎರಡಕ್ಕೂ ಹೊಂದುತ್ತಿತ್ತು. ಡಾಕ್ಟರ ತಪ್ಪು ತಿದ್ದತೊಡಗಿದ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವರಿಗೆ ಸರಿ ಯಾವುದು ಎಂದು ಗೊತ್ತಿರಲಿಲ್ಲ. ಹೊರಗೆ ಕೌಂಟರಿನಲ್ಲಿ ಆ ಹೆಂಗಸು ಬಂದು ನಿಂತಿದ್ದಳು. “ರಿಪೋರ್ಟ್ ಆಯ್ತಾ ಮೇಡಂ? ಹತ್ತು ಗಂಟೆಗೆ ನನ್ನ ಡ್ಯೂಟಿ ಇದೆ,” ಎನ್ನುವುದು ಮೆಟ್ಟಿಲ ಕೆಳಗೂ ಕೇಳುತ್ತಿತ್ತು.

ನಾನಾಗಿದ್ದರೆ ಗಡ್ಡೆಯಿರುವುದನ್ನು ಕಳಿಸಿಬಿಡುತ್ತಿದ್ದೆ, ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರು ಇಲ್ಲವೆನ್ನುತ್ತಾರೆ ಬಿಡು ಎಂದು. ಅತ್ತಿಗೆಗೂ ಅದು ಹೊಳೆದಿತ್ತಂತೆ. ಬೆರಳು ಹಸಿರು ಗುಂಡಿಯ ಮೇಲೆ ಹೋಗಿ ನಿಂತಿತ್ತು. ಆಗ ಅವರಿಗೆ ಅನಿಸಿದ್ದು: ‘ಇವತ್ತು ಇದನ್ನು ನಾನು ಆರಿಸಿದರೆ ನಾಳೆಯಿಂದ ಡಾಕ್ಟರು ನಾನೇ.’ ಅವರು ಎದ್ದರು, ತಲೆ ಸೂರಿಗೆ ಬಡಿಯಿತು. ಚಿಂದಿ ಪೆಟ್ಟಿಗೆಯಿಂದ ಬೆಳಿಗ್ಗೆಯೇ ಚೀಲಕ್ಕೆ ಹಾಕಿಕೊಂಡಿದ್ದ ನೋಟ್‌ಬುಕ್ಕನ್ನೂ ಫೋನನ್ನೂ ಹಿಡಿದು ಕತ್ತಲೆ ಕೋಣೆಗೆ ಹೋದರು. ಬೆಳಿಗ್ಗೆಯೇ ಯಾಕೆ ಹಾಕಿಕೊಂಡರು ಎಂದು ಕೇಳಿದೆ. “ಏಳು ಕೇಸು ಎರಡೆರಡು ಸಲ ಬಂದಿದ್ದು ಮನೆಯಲ್ಲೇ ಕಂಡಿತ್ತು,” ಎಂದರು.

ಒಳಗೆ ನಡೆದದ್ದನ್ನು ಅವರು ಹೇಳಿದ ಹಾಗೆಯೇ ಹೇಳುತ್ತೇನೆ.

ಎರಡೂ ದನಿಗಳನ್ನು ಒಂದರ ಹಿಂದೆ ಒಂದು ಹಾಕಿ ಕೇಳಿಸಿದರು. ಡಾಕ್ಟರು ಕಣ್ಣು ಮುಚ್ಚಿ ಕೇಳಿ, “ಎರಡನೇದು ಇರಬೇಕು. ಸರಿಮಾಡಿ ಕಳಿಸಮ್ಮ,” ಎಂದರು.

“ಆಗಲ್ಲ ಸಾರ್.”

ಇಪ್ಪತ್ತೆರಡು ವರ್ಷದಲ್ಲಿ ಅತ್ತಿಗೆ ಆ ಮಾತು ಆಡಿದ್ದು ಅದೇ ಮೊದಲು. ಡಾಕ್ಟರು ಕಣ್ಣು ತೆರೆದರು.

“ನಾನು ಹೊಟ್ಟೆ ಒಳಗೆ ನೋಡಿಲ್ಲ ಸಾರ್. ನೋಡೋರು ನೀವು. ನೋಡಿ ಹೇಳಿ.”

ಅವರು ಫಿಲ್ಮು ತೆರೆದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಮೂರು ಸಲ ಹೋದರು. ಒಂದು ಕಡೆ ನಿಂತು ಅಳತೆಯ ಗೆರೆ ಎಳೆದರು. ಎರಡು ಬಿಂದು ಒಂದು ಸೆಂಟಿಮೀಟರ್. ಗಡ್ಡೆ ಅಲ್ಲೇ ಇತ್ತು, ಹೊಸ ನಾಣ್ಯದ ಹಾಗೆ ದುಂಡಗೆ. ಅತ್ತಿಗೆಗೂ ಕಂಡಿತಂತೆ.

“ಎರಡನೇದು ನಾನೇ ಹೇಳಿದ್ದಾ?”

“ಹೌದು ಸಾರ್. ಇವತ್ತು ಬೆಳಿಗ್ಗೆ.”

“ಇನ್ನೊಂದು ಸಲ ಹಾಕು.”

ಹಾಕಿದರು. ಕತ್ತಲೆಯಲ್ಲಿ ಅವರದೇ ದನಿ, ಬರ್ಕೊಳ್ಳಮ್ಮ, ಎರಡೂ ಮೂತ್ರಪಿಂಡ ಸಹಜ, ಎಂದಿತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದೇ ಮೊದಲನೇ ಸಲಾನಾ?” ಎಂದು ಕೇಳಿದರು. ಆ ಕ್ಷಣಕ್ಕೂ ಹೌದು ಎಂದು ಬಿಡಬಹುದಿತ್ತು. ಅತ್ತಿಗೆ ನೋಟ್‌ಬುಕ್ಕನ್ನು ಕನ್ನಡಕದ ಪಕ್ಕದಲ್ಲಿಟ್ಟರು.

ಡಾಕ್ಟರು ಒಂದೊಂದೇ ಪುಟ ಓದಿದರು. ಇನ್ನೂರ ಹನ್ನೊಂದು ತಿದ್ದುಪಡಿ. ಗರ್ಭಕೋಶದ ಪುಟದಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಸಿಟ್ಟು ಬಂತು. “ಹದಿನಾಲ್ಕು ತಿಂಗಳು! ಯಾಕೆ ಹೇಳಲಿಲ್ಲ ನೀನು?” ಎಂದು ಮೇಜು ಗುದ್ದಿದರು.

“ಹಳದಿ ಗುರುತು ಹಾಕಿದ್ದೆ ಸಾರ್. ಸರಿಮಾಡಿ ಕಳಿಸು ಅಂದ್ರಿ.” ಅಷ್ಟು ಹೇಳಿ ಅತ್ತಿಗೆಗೇ ಅದು ಸಾಲದು ಎನಿಸಿತು. “ಗುರುತು ಹಾಕೋದು ಬಿಟ್ಟಿದ್ದು ಮಾತ್ರ ನಾನೇ,” ಎಂದರು.

“ಈ ಪುಸ್ತಕದಲ್ಲಿ ಇಲ್ಲದ್ದು ಎಷ್ಟಿರಬಹುದು?” ಎಂದರು ಡಾಕ್ಟರು.

“ಗೊತ್ತಿಲ್ಲ ಸಾರ್. ಕಾಗದದಲ್ಲಿ ಸಿಕ್ಕಿದ್ದಷ್ಟೇ ನನಗೆ ಸಿಕ್ಕಿದ್ದು.”

ಅವರು ಆ ಟಿಕೆಟ್ ಕೌಂಟರಿನ ಹೆಂಗಸನ್ನು ತಾವೇ ಒಳಗೆ ಕರೆಸಿ ಕೂರಿಸಿ ಹೇಳಿದರು. ಇನ್ನೊಬ್ಬ ಡಾಕ್ಟರಿಗೆ ಫೋನು ಮಾಡಿ ಅದೇ ದಿನಕ್ಕೆ ಸಮಯ ತೆಗೆದುಕೊಟ್ಟರು. ಆಕೆಗೆ ಆಪರೇಷನ್ ಆಯಿತು. ಈಗಲೂ ಆ ಕೌಂಟರಿನಲ್ಲೇ ಕೂತು ಚಿಲ್ಲರೆ ಇಲ್ಲ ಎಂದು ಜನರನ್ನು ಬೈಯುತ್ತಾಳೆ, ನಾನೇ ಬೈಸಿಕೊಂಡಿದ್ದೇನೆ. ಆ ದಿನ ಅವಳು ಹೋದ ಮೇಲೆ ಡಾಕ್ಟರು ಅತ್ತಿಗೆಗೆ, “ನೀನು ಮನೆಗೆ ಹೋಗು,” ಎಂದರು. ನೋಟ್‌ಬುಕ್ಕನ್ನು ವಾಪಸು ಕೊಟ್ಟರು.

ಸಂಜೆ ಆರೂವರೆ. ಅಣ್ಣ ವ್ಯಾನು ನಿಲ್ಲಿಸಿ ಬಂದು ಟೀ ಕುಡಿಯುತ್ತಿದ್ದ. ನಾನು ಹೊಸ ಕನ್ನಡಕದಲ್ಲಿ ಲೋಕವೆಲ್ಲ ಚೂಪಾಗಿ ಕಾಣುತ್ತಿದೆ ಎಂದು ಗೋಡೆಯ ಬಿರುಕುಗಳನ್ನು ಎಣಿಸುತ್ತಿದ್ದೆ. ಅತ್ತಿಗೆಯ ಫೋನು ಟಿಣ್ ಎಂದಿತು. ಕರಡು ಬಂದಿತ್ತು. ಕೇಸಿನ ನಂಬರ್ ಇರಲಿಲ್ಲ. ಪತ್ರ ಬರೆಯಬೇಕಾದರೂ ಆ ಮನುಷ್ಯನಿಗೆ ಗೊತ್ತಿದ್ದದ್ದು ಅದೊಂದೇ ದಾರಿ, ಬಾಯಲ್ಲಿ ಹೇಳುವುದು, ಅತ್ತಿಗೆ ತಿದ್ದುವುದು. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತು ಓದಿದೆವು.

‘ಬರ್ಕೊಳ್ಳಮ್ಮ. ಸೆಂಟರಿನ ಮಾಲೀಕರಿಗೆ. ನಾಳೆಯಿಂದ ನಾನು ವರದಿ ಹೇಳುವುದಿಲ್ಲ. ನನಗೆ ಮರೆವು ಬಂದಿದೆ. ಕಳೆದ ಹದಿನಾಲ್ಕು ತಿಂಗಳಲ್ಲಿ ನನ್ನ ಸಹಿಯಲ್ಲಿ ಹೋದ ಎಲ್ಲ ವರದಿಗಳನ್ನೂ ಬೇರೆ ವೈದ್ಯರಿಂದ ಮತ್ತೆ ಓದಿಸಬೇಕು, ಒಂದನ್ನೂ ಬಿಡಬಾರದು. ಈ ವಿಷಯ ನನ್ನ ಟೈಪಿಸ್ಟಿಗೆ ಗೊತ್ತಿರಲಿಲ್ಲ. ಅವರ ಮೇಲೆ ಯಾವ ಕ್ರಮವೂ ಬೇಡ.’

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. “ದೇವರಂಥ ಮನುಷ್ಯ,” ಎಂದೆ. “ಒತ್ತಿ ಅತ್ತಿಗೆ. ಹಸಿರು ಒತ್ತಿ.”

ಅತ್ತಿಗೆ ದನಿ ಹಾಕಿ ಕೇಳಿದರು. ಯಂತ್ರ ಒಂದಕ್ಷರವೂ ತಪ್ಪು ಬರೆದಿರಲಿಲ್ಲ. ಆದರೂ ಒತ್ತಲಿಲ್ಲ. ಬೆರಳನ್ನು ‘ಗೊತ್ತಿರಲಿಲ್ಲ’ ಎನ್ನುವುದರ ಮೇಲೆ ಇಟ್ಟುಕೊಂಡು ಕೂತರು.

“ಅವರ ಮಾತನ್ನ ನೀವು ಮುಟ್ಟೋ ಹಾಗಿಲ್ಲ ಅಲ್ವಾ? ನಿಮ್ಮದೇ ನಿಯಮ!” ನನಗೆ ಗಾಬರಿಯಾಗಿ ದನಿ ಏರಿತು. “ಕೆಲಸ ಹೋಗುತ್ತೆ ಅತ್ತಿಗೆ. ವಿಚಾರಣೆ ಅಂತ ಎಲ್ಲೆಲ್ಲಿ ಅಲೆಸ್ತಾರೋ. ಅವರಾಗೇ ಬಿಡಿಸಿ ಕೊಟ್ಟಿದ್ದಾರೆ, ಮತ್ತೆ ಹೋಗಿ ಒಳಗೆ ಕೂರ್ತೀರಾ?”

“ನನಗೆ ಗೊತ್ತಿರಲಿಲ್ಲ ಅಂದ್ರೆ ಈ ಪುಸ್ತಕ ಎಲ್ಲಿಂದ ಬಂತು?” ಎಂದರು ಅತ್ತಿಗೆ. “ಹದಿನಾಲ್ಕು ತಿಂಗಳು ಅಂತ ಹೇಳಿದ್ದು ಯಾರು? ಪುಸ್ತಕ ಕೊಡದೆ ಇದ್ರೆ ಈ ಮಾತನ್ನ ಯಾರು ನಂಬ್ತಾರೆ? ಮುದುಕರಿಗೆ ಏನೋ ಬೇಸರ ಆಗಿದೆ ಅಂತ ಹಾರ ಹಾಕಿ ಕಳಿಸಿಬಿಡ್ತಾರೆ. ಒಂದು ವರದೀನೂ ಮತ್ತೆ ಓದಲ್ಲ. ಗೋಡೆ ಮೇಲೆ ಸೊನ್ನೆ ಇದೆಯಲ್ಲ.”

ನಾನು ಅಣ್ಣನ ಮುಖ ನೋಡಿದೆ, ಗಂಡನಾಗಿ ಒಂದು ಮಾತು ಹೇಳಲಿ ಎಂದು. ಅವನು ಟೀ ಲೋಟ ಕೆಳಗಿಟ್ಟು ಹೊಟ್ಟೆಯ ಮೇಲಿನ ಹಳೆಯ ಗಾಯವನ್ನು ಅಂಗಿಯ ಮೇಲಿಂದಲೇ ಸವರಿಕೊಂಡ.

“ನನ್ನ ಹೊಟ್ಟೆ ನೋಡಿದಾಗ ಅವರು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರು,” ಎಂದ.

ಅತ್ತಿಗೆ ತಲೆಯಾಡಿಸಿ ಕನ್ನಡಕ ಸರಿಮಾಡಿಕೊಂಡರು. ‘ಗೊತ್ತಿರಲಿಲ್ಲ’ ಎನ್ನುವುದನ್ನು ಅಳಿ‌ಸಿ ‘ಗೊತ್ತಿತ್ತು’ ಎಂದು ಬರೆದರು. ‘ಅವರ ಮೇಲೆ ಯಾವ ಕ್ರಮವೂ ಬೇಡ’ ಎನ್ನುವ ಸಾಲು ತೆಗೆದರು. ಅದರ ಜಾಗದಲ್ಲಿ ‘ತಿದ್ದಿದ್ದರ ಪಟ್ಟಿ ಅವರ ಬಳಿ ಇದೆ, ನಾಳೆ ತಂದು ಕೊಡುತ್ತಾರೆ’ ಎಂದು ಸೇರಿಸಿದರು. ಅಷ್ಟು ವರ್ಷ ಬೇರೆಯವರ ಮಾತು ಬರೆದ ಕೈ ತನ್ನ ಮಾತು ಬರೆದದ್ದು ಅದೊಂದೇ ಸಲ.

ಆಮೇಲೆ ಮೊದಲಿಂದ ಕೊನೆಯವರೆಗೆ ಓದಿದರು. ಮತ್ತೊಮ್ಮೆ ಓದಿದರು. ಮೂರನೆಯ ಸಲ ಓದುವಾಗ ನನಗೆ ತಡೆಯಲಾಗಲಿಲ್ಲ. ಅಳುತ್ತಲೇ, ಹೊಸ ಕನ್ನಡಕದಲ್ಲಿ ಕಂಡದ್ದನ್ನು ಹೇಳಿದೆ.

“ಅತ್ತಿಗೆ, ಮೇಲೆ ‘ಬರ್ಕೊಳ್ಳಮ್ಮ’ ಹಾಗೇ ಉಳಿದಿದೆ. ಅಳಿಸಿಲ್ಲ.”

“ಇರಲಿ ಬಿಡು,” ಎಂದರು ಅತ್ತಿಗೆ. “ಅದು ತಪ್ಪಲ್ಲ.”

ಹಸಿರು ಒತ್ತಿದರು.